ರೋಗದ ಜಾಡು ಹಿಡಿಯುವ ಶಾಸ್ತ್ರ

(ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳ ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಹಸಿರು ಮೇವು, ಪಶು ಆಹಾರ, ಕೃತಕ ಗರ್ಭಧಾರಣೆ, ಕೆಚ್ಚಲು ಬಾವು ಇವುಗಳ ಬಗ್ಗೆ ತಾವು ಬೇಕಾದಷ್ಟು ಕೇಳಿದ್ದೀರಿ. ಇಂದು ನನಗೆ ಕೊಟ್ಟಿರುವ ವಿಷಯ ಸ್ವಲ್ಪ ಬೇರೆ. ಒಂದು ರೋಗ ಎಲ್ಲಿಂದ ಬಂತು, ಯಾರಿಗೆ ಬಂತು, ಯಾವ ದಾರಿಯಲ್ಲಿ ಬಂತು ಎಂದು ಪತ್ತೆ ಹಚ್ಚುವ ಶಾಸ್ತ್ರ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂಬುದು. ವೈದ್ಯರು ಇದನ್ನು ಎಪಿಡೆಮಿಯಾಲಜಿ ಎನ್ನುತ್ತಾರೆ. ಕನ್ನಡದಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರ ಎಂಬ ಹೆಸರಿದೆ. ಹೆಸರು ದೊಡ್ಡದು, ಕೆಲಸ ಮಾತ್ರ ತಮಗೆ ಗೊತ್ತಿರುವಂಥದೇ.

ಹೇಗೆ ಅಂತೀರಾ? ಮಾಚೇನಹಳ್ಳಿ ಡೇರಿಗೆ ಹೋದ ಕ್ಯಾನುಗಳಲ್ಲಿ ಒಂದು ದಿನ ನಾಲ್ಕು ಕ್ಯಾನು ಹುಳಿ ಬಂದಿವೆ ಎಂದು ಇಟ್ಟುಕೊಳ್ಳಿ. ಯಾರೂ ಮೊದಲಿಗೆ ಸೂಕ್ಷ್ಮದರ್ಶಕ ಹುಡುಕುವುದಿಲ್ಲ. ಯಾವ ರೂಟಿನ ಕ್ಯಾನು? ಬೆಳಗಿನದೋ ಸಂಜೆಯದೋ? ಅದೇ ರೂಟಿನ ಬೇರೆ ಸಂಘಗಳ ಹಾಲು ಚೆನ್ನಾಗಿತ್ತೇ? ಈ ನಾಲ್ಕು ಕ್ಯಾನಿಗೂ ಸಮಾನವಾದದ್ದು ಏನು, ತೊಳೆದ ನೀರೇ, ಲಾರಿ ತಡವಾದದ್ದೇ? ಹೀಗೆ ಕೇಳುತ್ತಾ ಹೋಗಿ ಅರ್ಧ ಗಂಟೆಯಲ್ಲಿ ಕಾರಣ ಹಿಡಿಯುತ್ತಾರೆ. ಯಾರು, ಎಲ್ಲಿ, ಯಾವಾಗ ಎಂಬ ಈ ಮೂರು ಪ್ರಶ್ನೆಗಳನ್ನು ಹುಳಿ ಹಾಲಿನ ಬದಲು ಜ್ವರಕ್ಕೆ ಹಾಕಿದರೆ ಅದೇ ಈ ಶಾಸ್ತ್ರ. ಇನ್ನೊಂದು ಮಾತು. ಹುಳಿ ಬಂದ ಕ್ಯಾನನ್ನಷ್ಟೇ ನೋಡಿದರೆ ಏನೂ ತಿಳಿಯದು. ಚೆನ್ನಾಗಿದ್ದ ಕ್ಯಾನುಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಇದನ್ನು ಮನುಷ್ಯಕುಲ ಕಲಿಯುವುದಕ್ಕೆ ಬಹಳ ಕಾಲ ಹಿಡಿಯಿತು.

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತಮುತ್ತ ಕಾಲರಾ ಹತ್ತಿಕೊಂಡು, ಹತ್ತೇ ದಿನದಲ್ಲಿ 500ಕ್ಕೂ ಹೆಚ್ಚು ಜನ ತೀರಿಕೊಂಡರು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಎಂಬುದು ಆಗಿನ ದೊಡ್ಡ ದೊಡ್ಡ ವೈದ್ಯರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯರಿಗೆ ನೀರಿನ ಮೇಲೆ ಅನುಮಾನ. ಅವರು ಸತ್ತವರ ಮನೆಗಳನ್ನು ಗುರುತು ಹಾಕಿಕೊಂಡು ಹೋದಾಗ ಬಹುಪಾಲು ಮನೆಗಳು ಆ ಬೀದಿಯ ಒಂದು ಕೈಪಂಪಿನ ಸುತ್ತಲೇ ಇದ್ದವು. ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಅದೇ ಬೀದಿಯಲ್ಲಿದ್ದ ಬಿಯರ್ ಕಾರ್ಖಾನೆಯ ಕೆಲಸಗಾರರಿಗೆ ಏಕೆ ರೋಗ ತಗುಲಲಿಲ್ಲ ಎಂದು ವಿಚಾರಿಸಿದರು. ಅವರು ಪಂಪಿನ ನೀರು ಮುಟ್ಟುತ್ತಲೇ ಇರಲಿಲ್ಲ, ಕಾರ್ಖಾನೆಯ ಬಿಯರೇ ಅವರ ಪಾನೀಯ! ಮೈಲುಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ಏಕೆ ಸತ್ತರು ಎಂದೂ ವಿಚಾರಿಸಿದರು. ಆಕೆಗೆ ಹಳೇ ಬೀದಿಯ ಪಂಪಿನ ನೀರೇ ರುಚಿ, ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದರು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ಕಳಚಲಾಯಿತು. ಅಷ್ಟು ಹೊತ್ತಿಗೆ ರೋಗ ತಾನಾಗಿಯೇ ಇಳಿಮುಖವಾಗಿತ್ತು ಎಂಬುದನ್ನೂ ಹೇಳಬೇಕು. ಕಥೆ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ.

ಪಂಪಿನ ಕಥೆಗಿಂತ ಸ್ನೋ ಮಾಡಿದ ಇನ್ನೊಂದು ಲೆಕ್ಕ ನನಗೆ ದೊಡ್ಡದಾಗಿ ಕಾಣುತ್ತದೆ. ಲಂಡನ್ನಿನ ಒಂದು ಭಾಗದಲ್ಲಿ ಎರಡು ಕಂಪನಿಗಳು ಒಂದೇ ಬೀದಿಯ ಮನೆಗಳಿಗೆ ನೀರು ಕೊಡುತ್ತಿದ್ದವು. ಒಂದು ಕಂಪನಿ ಚರಂಡಿ ಸೇರಿದ ನದಿಯ ಕೆಳಭಾಗದಿಂದ ನೀರೆತ್ತುತ್ತಿತ್ತು, ಇನ್ನೊಂದು ಮೇಲ್ಭಾಗದಿಂದ. ಮೊದಲನೆಯ ಕಂಪನಿಯ ನೀರು ಕುಡಿದ ಮನೆಗಳಲ್ಲಿ 10,000 ಮನೆಗೆ 315 ಸಾವು, ಎರಡನೆಯದರಲ್ಲಿ 10,000ಕ್ಕೆ 37. ಒಟ್ಟು ಸಾವು ಎಷ್ಟು ಎಂದಲ್ಲ, ಎಷ್ಟಕ್ಕೆ ಎಷ್ಟು ಎಂದು ಕೇಳಿದ್ದು ಇಲ್ಲಿಯ ಜಾಣತನ. ಹಾಲಿನಲ್ಲಿ ಜಿಡ್ಡು ಎಷ್ಟು ಎಂದರೆ ತಾವು ಗ್ರಾಂ ಹೇಳುವುದಿಲ್ಲ, ನೂರಕ್ಕೆ ಎಷ್ಟು ಎನ್ನುತ್ತೀರಿ. ಅದೇ ಲೆಕ್ಕ. ಕಾಲರಾ ರೋಗಾಣು ಯಾವುದೆಂದು ಕಾಕ್ ಎಂಬ ವಿಜ್ಞಾನಿ ತೋರಿಸಿಕೊಟ್ಟದ್ದು 1884ರ ಸುಮಾರಿಗೆ. ಅಷ್ಟರಲ್ಲಿ ಸ್ನೋ ತೀರಿಕೊಂಡು ಇಪ್ಪತ್ತೈದು ವರ್ಷದ ಮೇಲಾಗಿತ್ತು. ರೋಗಾಣುವನ್ನು ಕಾಣದೆಯೇ ಅದು ಬರುವ ದಾರಿಯನ್ನು ಅವರು ಹಿಡಿದಿದ್ದರು.

ಇದಕ್ಕೆ ತಿರುಗುಮುರುಗಾದ ಕಥೆ ಹಾಲಿನದೇ ಇದೆ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರದಿಂದ ನರಳುತ್ತಿದ್ದರು. ಡೇವಿಡ್ ಬ್ರೂಸ್ ಎಂಬ ವೈದ್ಯರು 1887ರ ವೇಳೆಗೆ ಅದರ ರೋಗಾಣುವನ್ನು ಕಂಡುಹಿಡಿದಾಯಿತು. ಆದರೂ ಜ್ವರ ನಿಲ್ಲಲಿಲ್ಲ. ರೋಗಾಣು ಮೈ ಸೇರುವ ದಾರಿ ತಿಳಿಯಲಿಲ್ಲವಲ್ಲ! 1905ರಲ್ಲಿ ಅಲ್ಲಿಯವರೇ ಆದ ಥೆಮಿಸ್ಟೋಕ್ಲಿಸ್ ಜಮ್ಮಿಟ್ ಎಂಬ ವೈದ್ಯರು ಮೇಕೆಗಳ ರಕ್ತ ಪರೀಕ್ಷಿಸಿದರು. ಮೈಕೈ ತುಂಬಿಕೊಂಡು ಚೆನ್ನಾಗಿ ಹಾಲು ಕರೆಯುತ್ತಿದ್ದ ಮೇಕೆಗಳಲ್ಲೇ ಆ ರೋಗಾಣು ಇತ್ತು. 1906ರಲ್ಲಿ ಸೈನಿಕರಿಗೆ ಹಸಿ ಮೇಕೆ ಹಾಲು ಕೊಡುವುದನ್ನು ನಿಲ್ಲಿಸಿದ ಮೇಲೆ ಅವರಲ್ಲಿ ಜ್ವರ ಬೆರಳೆಣಿಕೆಗೆ ಇಳಿಯಿತು. ಬ್ರೂಸ್ ಅವರ ಹೆಸರಿನಿಂದಲೇ ಬ್ರೂಸೆಲ್ಲೋಸಿಸ್ ಎಂಬ ಹೆಸರು ಬಂದದ್ದು. ತಾವು ಕಂದು ರೋಗ ಎನ್ನುತ್ತೀರಲ್ಲ, ಆರೇಳು ತಿಂಗಳ ಗಬ್ಬದ ಹಸು ಕಂದು ಹಾಕುತ್ತದಲ್ಲ, ಅದೇ ಬಳಗದ ರೋಗ ಇದು. ಇದನ್ನು ಮತ್ತೆ ಪ್ರಸ್ತಾಪಿಸುತ್ತೇನೆ.

ಉಣ್ಣೆಯ ವಿಷಯಕ್ಕೆ ಬರೋಣ. ಭದ್ರಾವತಿ ಕಡೆ ಉಣ್ಣೆ, ಸಾಗರ ಸೊರಬದ ಕಡೆ ಉಣುಗು. ಉಣ್ಣೆಯಿಂದ ರೋಗ ಹರಡುತ್ತದೆ ಎಂದು ಲೋಕಕ್ಕೆ ಮೊದಲು ತೋರಿಸಿಕೊಟ್ಟದ್ದು ದನಗಳ ಕಾಯಿಲೆಯೇ. ಅಮೆರಿಕದಲ್ಲಿ ದಕ್ಷಿಣದ ದನಗಳನ್ನು ಉತ್ತರಕ್ಕೆ ಹೊಡೆದುಕೊಂಡು ಹೋದಾಗಲೆಲ್ಲ ಆ ದಾರಿಯಲ್ಲಿ ಮೇಯುವ ಉತ್ತರದ ದನಗಳು ಕೆಂಪು ಮೂತ್ರ ಮಾಡಿ ಸಾಯುತ್ತಿದ್ದವು. ತಂದ ದನಗಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಇದು ಉಣ್ಣೆಯ ಕೆಲಸ ಎಂದು ದನಗಾರರು ಹೇಳುತ್ತಿದ್ದರು, ಓದಿದವರು ನಗುತ್ತಿದ್ದರು. ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ಎಂಬ ಇಬ್ಬರು ನಗದೆ ಪರೀಕ್ಷೆಗೆ ಇಳಿದರು. ಒಂದು ಆವರಣದಲ್ಲಿ ಉಣ್ಣೆಯಿದ್ದ ದಕ್ಷಿಣದ ದನಗಳ ಜೊತೆ ಉತ್ತರದ ದನ ಕಟ್ಟಿದರು. ಇನ್ನೊಂದರಲ್ಲಿ ದಕ್ಷಿಣದ ದನಗಳ ಉಣ್ಣೆಯನ್ನು ಕೈಯಿಂದ ಒಂದೊಂದಾಗಿ ಕಿತ್ತು ತೆಗೆದು ಜೊತೆಗೆ ಬಿಟ್ಟರು. ಮೂರನೆಯದರಲ್ಲಿ ದಕ್ಷಿಣದ ದನವೇ ಇಲ್ಲ, ಬರೀ ಉಣ್ಣೆಯನ್ನು ಹುಲ್ಲಿಗೆ ಚೆಲ್ಲಿದರು. ಮೊದಲನೆಯದರಲ್ಲಿ ಮತ್ತು ಮೂರನೆಯದರಲ್ಲಿ ರೋಗ ಬಂತು, ಎರಡನೆಯದರಲ್ಲಿ ಬರಲಿಲ್ಲ. 1893ರಲ್ಲಿ ಇದನ್ನು ಪ್ರಕಟಿಸಿದರು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕ್ರಿಮಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ, ಅಂದರೆ ನಾಲ್ಕು ವರ್ಷದ ನಂತರ. ದನಗಾರರ ಮಾತಿಗೆ ಅಷ್ಟರಮಟ್ಟಿಗೆ ಬೆಲೆ ಬಂತು.

ನಮ್ಮ ಹಿರಿಯರಿಗೂ ಇಂಥ ತಿಳಿವಳಿಕೆ ಇರಲಿಲ್ಲವೆಂದಲ್ಲ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಮೈಸೂರು ಸಂಸ್ಥಾನದಲ್ಲೆಲ್ಲ ಹರಡಿತು. ಮನೆಯಲ್ಲಿ ಇಲಿ ಬಿತ್ತು ಎಂದರೆ ಸಾಕು, ಜನ ಪಾತ್ರೆ ಪಡಗ ಕಟ್ಟಿಕೊಂಡು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಈ ಮಾತು ಕೇಳಿರಬಹುದು. ಅದೇ 1898ರಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗ ಮಾಡಿ, ಇಲಿಯಿಂದ ಇಲಿಗೆ ರೋಗ ಒಯ್ಯುವುದು ಅದರ ಮೈಮೇಲಿನ ಚಿಗಟ ಎಂದು ತೋರಿಸಿದರು. ಇಲಿ ಸತ್ತು ತಣ್ಣಗಾದಾಗ ಚಿಗಟ ಬೇರೆ ಮೈ ಹುಡುಕುತ್ತದೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಇಲಿಯ ಜಾಗದಲ್ಲಿ ಮಂಗ, ಚಿಗಟದ ಜಾಗದಲ್ಲಿ ಉಣುಗು ಇಟ್ಟರೆ ನಮ್ಮ ಜಿಲ್ಲೆಯ ಕಥೆ ಬರುತ್ತದೆ.

1957ರ ಮೊದಲ ತಿಂಗಳುಗಳು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಲಿನ ಹಳ್ಳಿಗಳಲ್ಲಿ ಜೋರು ಜ್ವರ. ತಲೆ ಸಿಡಿಯುವಂಥ ನೋವು, ಸೊಂಟ ಮೀನಖಂಡ ಮುರಿದಂಥ ನೋವು, ಕಣ್ಣು ಕೆಂಪು, ವಾಂತಿ, ಕೆಲವರಿಗೆ ಮೂಗು ಬಾಯಲ್ಲಿ ರಕ್ತ. ಮೊದಲಿಗೆ ಟೈಫಾಯಿಡ್ ಜಾತಿಯ ಜ್ವರ ಎಂದೇ ಅನುಮಾನ. ಆದರೆ ಹಳ್ಳಿಯವರು ಇನ್ನೊಂದು ಸಂಗತಿ ಕಂಡಿದ್ದರು. ಕಾಡಿನಲ್ಲಿ ಮಂಗಗಳು ಬೀಳುತ್ತಿದ್ದವು. ಕಪ್ಪು ಮೂತಿಯ ಮುಸಿಯಗಳೂ ಬೀಳುತ್ತಿದ್ದವು, ಸಾಮಾನ್ಯ ಕೋತಿಗಳೂ ಬೀಳುತ್ತಿದ್ದವು. ಈ ಸುದ್ದಿ ಆರೋಗ್ಯ ಇಲಾಖೆಯ ಮೂಲಕ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಆರಂಭಿಸಿದ್ದ ಕೇಂದ್ರ ಅದು.

ಅಲ್ಲಿಯವರಿಗೆ ಎದೆ ಧಸಕ್ಕೆಂದಿತು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ರೋಗವೆಂದರೆ ದಕ್ಷಿಣ ಅಮೆರಿಕದ ಹಳದಿ ಜ್ವರ. ಅದು ಭಾರತಕ್ಕೆ ಎಂದೂ ಬಂದಿರಲಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ಪ್ರತಿ ಊರಿನಲ್ಲೂ ಇದೆ. ಬಂದಿದ್ದರೆ ಗತಿ ಏನು? ಕೇಂದ್ರದ ನಿರ್ದೇಶಕ ಡಾ. ಟೆಲ್‌ಫೋರ್ಡ್ ವರ್ಕ್, ಡಾ. ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಮಾರ್ಚ್ ತಿಂಗಳಲ್ಲೇ ಬಂದು ಸಾಗರ ಸೊರಬದಲ್ಲಿ ಬೀಡುಬಿಟ್ಟರು. ಸತ್ತ ಮಂಗದಿಂದ, ರೋಗಿಗಳ ರಕ್ತದಿಂದ, ಉಣುಗಿನಿಂದ ವೈರಸ್ ಬೇರ್ಪಡಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಬರುವ ಮೆದುಳು ಜ್ವರದ ಸಂಬಂಧಿ, ಲೋಕಕ್ಕೆ ಹೊಸದಾದ ವೈರಸ್. ಮೊದಲು ಸಿಕ್ಕಿದ ಕಾಡಿನ ಹೆಸರನ್ನೇ ಇಟ್ಟರು: ಕ್ಯಾಸನೂರು ಕಾಡಿನ ಕಾಯಿಲೆ. ಜನ ಇಟ್ಟ ಹೆಸರು ಮಂಗನ ಕಾಯಿಲೆ. ಆ ವರ್ಷ ದಾಖಲಾದ ರೋಗಿಗಳು 466, ಮರುವರ್ಷ 181.

ವೈರಸ್ ಸಿಕ್ಕಿದ್ದು ಅರ್ಧ ಕೆಲಸ. ಯಾರಿಗೆ, ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳೇ ಉಳಿದರ್ಧವನ್ನು ಮಾಡಿದ್ದು. ಯಾರಿಗೆ? ಸೌದೆಗೆ, ದರಕಿಗೆ, ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋಗುವವರಿಗೆ. ರೋಗಿಯ ಆರೈಕೆ ಮಾಡಿದ ಮನೆಯವರಿಗೆ ಅವರಿಂದ ತಗುಲಲಿಲ್ಲ. ಅಂದರೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಎಲ್ಲಿ? ಕಾಡಂಚಿನ ಊರುಗಳಲ್ಲಿ, ಅದರಲ್ಲೂ ಮಂಗ ಬಿದ್ದ ಜಾಗದ ಹತ್ತಿರ. ಯಾವಾಗ? ಸುಗ್ಗಿಯ ಹೊತ್ತಿಗೆ ಶುರುವಾಗಿ, ಜನವರಿಯಿಂದ ಮಾರ್ಚ್‌ವರೆಗೆ ಏರಿ, ಮುಂಗಾರು ಮಳೆ ಬಿದ್ದ ಕೂಡಲೇ ನಿಂತುಹೋಗುತ್ತದೆ. ಈ ಮೂರನೆಯ ಉತ್ತರವೇ ಉಣುಗಿನ ಬಾಳಿಗೆ ಬೀಗದ ಕೈಯಂತೆ ಹೊಂದಿಕೊಂಡಿತು. ಈ ಜಾತಿಯ ಉಣುಗಿಗೆ ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಹೆಸರಿದೆ. ಮಳೆಗಾಲದಲ್ಲಿ ಬೆಳೆದ ಉಣುಗು ದೊಡ್ಡ ಪ್ರಾಣಿಗಳ ರಕ್ತ ಹೀರಿ, ಕೆಳಗೆ ಬಿದ್ದು, ತರಗೆಲೆಯ ಅಡಿ ಸಾವಿರದ ಲೆಕ್ಕದಲ್ಲಿ ಮೊಟ್ಟೆಯಿಡುತ್ತದೆ. ಮಳೆ ಹಿಂಜರಿದಾಗ ಮರಿಗಳು ಹೊರಟು ಇಲಿ, ಹಕ್ಕಿ, ಮಂಗಗಳ ಮೈ ಹತ್ತುತ್ತವೆ. ನವೆಂಬರ್‌ನಿಂದ ಮೇವರೆಗೆ ಅವು ಎಳ್ಳಿನ ಗಾತ್ರದ ಎಳೆಯ ಉಣುಗು. ಮನುಷ್ಯನನ್ನು ಕಚ್ಚುವುದು ಮುಖ್ಯವಾಗಿ ಈ ಎಳೆಯದೇ. ಕಚ್ಚಿದ್ದು ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಮಂಗ ಸತ್ತರೆ ಅದರ ಮೈಮೇಲಿನ ಉಣುಗೆಲ್ಲ ಆ ಮರದಡಿಯೇ ಉದುರಿ ಮುಂದಿನ ಮೈಗೆ ಕಾಯುತ್ತಾ ಕೂರುತ್ತವೆ.

ಇನ್ನು ನಮಗೆ ಅಂದರೆ ದನ ಸಾಕುವವರಿಗೆ ತಟ್ಟುವ ಮಾತು. ಮಳೆಗಾಲದಲ್ಲಿ ಬೆಳೆದ ಉಣುಗಿಗೆ ರಕ್ತ ಕೊಡುವ ದೊಡ್ಡ ಪ್ರಾಣಿ ಯಾವುದು? ಹಿಂದೆ ಕಾಡಿನ ಕಾಟಿ, ಕಡವೆ. ಈಗ ಹೆಚ್ಚಾಗಿ ನಮ್ಮ ದನ. ದನಕ್ಕೆ ಈ ವೈರಸ್ಸಿನಿಂದ ಕಾಯಿಲೆ ಆಗುವುದಿಲ್ಲ, ದನದ ರಕ್ತದಿಂದ ಉಣುಗಿಗೆ ವೈರಸ್ ದಾಟುವುದೂ ಮುಖ್ಯ ದಾರಿಯಲ್ಲ. ಆದರೆ ದನ ಉಣುಗಿನ ಸಂಖ್ಯೆಯನ್ನು ಬೆಳೆಸುತ್ತದೆ. ಹಳದಿ ಜ್ವರದಲ್ಲಿ ಹೆಸರು ಮಾಡಿ ಇಲ್ಲಿಗೆ ಬಂದಿದ್ದ ಕೊಲಂಬಿಯಾ ದೇಶದ ಡಾ. ಜಾರ್ಜ್ ಬೋಷೆಲ್ 1969ರಲ್ಲಿ ಇದನ್ನೇ ಬರೆದರು. ವೈರಸ್ ಕಾಡಿನಲ್ಲಿ ಮೊದಲಿಂದಲೂ ಸದ್ದಿಲ್ಲದೆ ಇದ್ದಿರಬೇಕು, ಜನ ಹೆಚ್ಚಿ, ಕಾಡು ತುಂಡಾಗಿ, ಕಾಡಂಚಿನಲ್ಲಿ ದನ ಮೇಯುವುದು ಹೆಚ್ಚಿದಾಗ ಉಣುಗು ಹೆಚ್ಚಿತು, ಆಗ ರೋಗ ಮೇಲೆದ್ದಿತು ಎಂಬುದು ಅವರ ವಾದ. ಅದಕ್ಕೆ ಮೊದಲು ಇನ್ನೊಂದು ಊಹೆ ನಡೆದಿತ್ತು. ರಷ್ಯಾದ ರೋಗದ ಸಂಬಂಧಿಯಾದ್ದರಿಂದ ವಲಸೆ ಹಕ್ಕಿಗಳು ತಂದಿರಬಹುದೇ ಎಂದು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪಕ್ಷಿತಜ್ಞ ಸಲೀಂ ಅಲಿಯವರ ಬಳಗ ಹಕ್ಕಿಗಳಿಗೆ ಉಂಗುರ ತೊಡಿಸಿ ವರ್ಷಗಟ್ಟಲೆ ಅಧ್ಯಯನ ಮಾಡಿತು. ಹಕ್ಕಿಗಳ ವಲಸೆಯ ಬಗ್ಗೆ ಅಮೂಲ್ಯ ತಿಳಿವಳಿಕೆ ಸಿಕ್ಕಿತು, ರೋಗ ಅವು ತಂದವೆಂಬುದಕ್ಕೆ ಆಧಾರ ಮಾತ್ರ ಸಿಗಲಿಲ್ಲ.

ಭದ್ರಾವತಿಯವರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ನಮ್ಮ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದು ಇದ್ದಿಲಿನ ಬಲದ ಮೇಲೆ, ಆ ಇದ್ದಿಲಿಗೆ ಮರ ಬಂದದ್ದು ಕಾಡಿನಿಂದ. ಹಾಗಾದರೆ ಕಾಯಿಲೆಗೆ ಕಾರ್ಖಾನೆ ಕಾರಣವೇ? ಈ ಶಾಸ್ತ್ರ ಕಲಿಸುವ ಎಚ್ಚರಿಕೆ ಇಲ್ಲಿಯೇ ಬೇಕು. ಒಂದರ ನಂತರ ಇನ್ನೊಂದು ನಡೆಯಿತೆಂದ ಮಾತ್ರಕ್ಕೆ ಅದು ಇದಕ್ಕೆ ಕಾರಣವಲ್ಲ. ಕಾರ್ಖಾನೆಗೂ ಕ್ಯಾಸನೂರಿನ ಜ್ವರಕ್ಕೂ ನಡುವೆ ಮೂವತ್ತಕ್ಕೂ ಹೆಚ್ಚು ವರ್ಷಗಳಿವೆ. ಮರ ಕಡಿದ ಕಾಡುಗಳಲ್ಲಿ ರೋಗ ಹೆಚ್ಚಿತ್ತೇ, ಕಡಿಯದ ಕಾಡುಗಳಲ್ಲಿ ಕಡಿಮೆ ಇತ್ತೇ ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡದೆ ಹಾಗೆ ಹೇಳಲಾಗದು. ಹುಳಿ ಕ್ಯಾನಿನ ಪಕ್ಕ ಚೆನ್ನಾಗಿರುವ ಕ್ಯಾನು ಎಂದೆನಲ್ಲ, ಹಾಗೆ.

ಕಾಯಿಲೆ ಸೊರಬದಲ್ಲೇ ಉಳಿಯಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಉತ್ತರ ಕನ್ನಡ, ಚಿಕ್ಕಮಗಳೂರುಗಳಿಗೆ ಬಂತು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಡು ಕಡಿದ ಕಡೆ ಭುಗಿಲೆದ್ದು ಸಾವಿರಕ್ಕೂ ಹೆಚ್ಚು ಜನರನ್ನು ಮಲಗಿಸಿತು. 2012ರ ನಂತರ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಂಡಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2024ರಲ್ಲಿ ಮತ್ತೆ ನಮ್ಮ ಜಿಲ್ಲೆ, ಸಿದ್ಧಾಪುರ, ಚಿಕ್ಕಮಗಳೂರುಗಳಲ್ಲಿ ಸಾವುಗಳಾದವು. ರೋಗ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಇದಕ್ಕೆಂದೇ ಔಷಧಿಯಿಲ್ಲ. ಬೇಗ ಆಸ್ಪತ್ರೆ ಸೇರಿ ದ್ರವ, ರಕ್ತ, ಆರೈಕೆ ಪಡೆದರೆ ಹೆಚ್ಚಿನವರು ಉಳಿಯುತ್ತಾರೆ.

ಲಸಿಕೆಯ ಮಾತು. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ, ಅಂದರೆ ನಮ್ಮ ರಾಸುಗಳ ಲಸಿಕೆ ತಯಾರಾಗುವ ಜಾಗದಲ್ಲೇ, ಈ ಮನುಷ್ಯರ ಲಸಿಕೆಯನ್ನೂ ತಯಾರಿಸುತ್ತಿದ್ದರು. 2005ರಿಂದ 2010ರವರೆಗಿನ ಲೆಕ್ಕವನ್ನು ಇಟ್ಟುಕೊಂಡು, ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ ನೋಡಿದರು. ಎರಡು ಡೋಸ್ ಪಡೆದವರಲ್ಲಿ ರೋಗ ನೂರಕ್ಕೆ 62ರಷ್ಟು ಕಡಿಮೆ, ಮೇಲೆ ಬೂಸ್ಟರ್ ಪಡೆದವರಲ್ಲಿ 83ರಷ್ಟು ಕಡಿಮೆ. ಏನೂ ಇಲ್ಲದ್ದಕ್ಕಿಂತ ಮೇಲು, ಆದರೆ ನೆಚ್ಚಿ ಕೂರುವಂಥದಲ್ಲ. 2022ರಲ್ಲಿ ಆ ಹಳೆಯ ಲಸಿಕೆಯ ಬಳಕೆ ನಿಂತಿತು. ಹೊಸದೊಂದನ್ನು ತಯಾರಿಸುವ ಕೆಲಸವನ್ನು ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಅದು ಬಂದು ಪ್ರತಿ ಊರಿಗೆ ಮುಟ್ಟುವವರೆಗೆ ನಮ್ಮ ಕೈಯಲ್ಲಿರುವುದು ಹಳೆಯ ಉಪಾಯಗಳೇ. ಮೈಗೆ ಎಣ್ಣೆ ಹಚ್ಚಿಕೊಂಡು ಮೈ ಮುಚ್ಚುವ ಬಟ್ಟೆ ತೊಟ್ಟು ಕಾಡಿಗೆ ಹೋಗುವುದು, ಬಂದ ಕೂಡಲೇ ಬಿಸಿ ನೀರಿನ ಸ್ನಾನ, ಬಟ್ಟೆಯನ್ನು ಬಿಸಿ ನೀರಿಗೆ ಹಾಕುವುದು, ಮತ್ತು ಮಂಗ ಬಿದ್ದ ಸುದ್ದಿಯನ್ನು ಅಂದೇ ಮುಟ್ಟಿಸುವುದು.

ಈ ಕೊನೆಯದರ ಮೇಲೆ ಸ್ವಲ್ಪ ಒತ್ತಿ ಹೇಳುತ್ತೇನೆ. ಸತ್ತ ಮಂಗವನ್ನು ಕಂಡವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಅರಣ್ಯ ಇಲಾಖೆಗೋ, ಪಶು ಆಸ್ಪತ್ರೆಗೋ ತಿಳಿಸಿದರೆ, ಅವರು ಬಂದು ಪರೀಕ್ಷೆಗೆ ಮಾದರಿ ತೆಗೆದು, ಸುತ್ತಲಿನ ಜಾಗಕ್ಕೆ ಉಣುಗು ಸಾಯುವ ಪುಡಿ ಹಾಕಿ, ಆ ಕಡೆ ಜನ ದನ ಹೋಗದಂತೆ ಮಾಡುತ್ತಾರೆ. ರೋಗಿಗಳ ರಕ್ತವನ್ನು ನಮ್ಮ ಶಿವಮೊಗ್ಗದಲ್ಲೇ ಇರುವ, ವಿ.ಡಿ.ಎಲ್. ಎಂದು ಎಲ್ಲರೂ ಕರೆಯುವ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಪ್ರಯೋಗಾಲಯಗಳಲ್ಲಿ ಈ ವೈರಸ್ ಹಿಡಿದು ಕೆಲಸ ಮಾಡುವಾಗ ಸಿಬ್ಬಂದಿಗೇ ರೋಗ ತಗುಲಿದ ಉದಾಹರಣೆಗಳು ಹಿಂದೆ ಆಗಿವೆ. ಅಷ್ಟು ಅಪಾಯದ ಕೆಲಸ. ಆದರೆ ಆ ಪ್ರಯೋಗಾಲಯ ತಾನಾಗಿ ಕಾಡಿಗೆ ಹೋಗಿ ಮಂಗ ಹುಡುಕಲಾರದು. ಬೆಳಗ್ಗೆ ಐದಕ್ಕೆ ಎದ್ದು ಸಂಘಕ್ಕೆ ಹಾಲು ತರುವವರು, ಹತ್ತಕ್ಕೆ ದನ ಹೊಡೆಯುವವರು ತಾವು. ಊರಿನ ಪ್ರತಿ ಮನೆಯವರೂ ದಿನಕ್ಕೆ ಎರಡು ಸಲ ಬಂದು ನಿಲ್ಲುವ ಜಾಗ ಹಾಲಿನ ಸಂಘ ಬಿಟ್ಟರೆ ಬೇರೆ ಇಲ್ಲ. 1957ರಲ್ಲಿ ಅದು ಇರಲಿಲ್ಲ, ಈಗ ಇದೆ. ಕಾರ್ಯದರ್ಶಿಗಳು ತಮ್ಮ ದಫ್ತರದ ಕೊನೆಯಲ್ಲಿ ಎರಡು ಪುಟ ಬಿಡಿ ಎಂದು ಕೇಳಿಕೊಳ್ಳುತ್ತೇನೆ. ಮಂಗ ಬಿದ್ದದ್ದು, ಹಸು ಕಂದು ಹಾಕಿದ್ದು, ಒಂದೇ ವಾರದಲ್ಲಿ ಹಲವು ಮನೆಗಳಲ್ಲಿ ಜ್ವರ ಬಂದದ್ದು ಇವನ್ನು ದಿನಾಂಕ, ಊರು ಸಹಿತ ಒಂದು ಸಾಲು ಬರೆಯಿರಿ. ಹಾಲು ಹಾಕುವವರು ಹೇಳಲಿ, ತಾವು ಬರೆಯಿರಿ, ಅಂದೇ ಫೋನ್ ಮಾಡಿ.

ಇದರಿಂದ ಏನಾದೀತು ಎನ್ನುವವರಿಗೆ ದೊಡ್ಡರೋಗದ ನೆನಪು ಮಾಡುತ್ತೇನೆ. ಊರಿಗೆ ಊರೇ ಕೊಟ್ಟಿಗೆ ಬರಿದಾಗುತ್ತಿದ್ದ ರೋಗ ಅದು. ಲಸಿಕೆ ಹಾಕಿದರಷ್ಟೇ ಸಾಲಲಿಲ್ಲ. ಕೊನೆಯ ಹಂತದಲ್ಲಿ ಹಳ್ಳಿ ಹಳ್ಳಿ ತಿರುಗಿ, ಇಂಥ ಲಕ್ಷಣದ ರಾಸು ಕಂಡಿರಾ ಎಂದು ಕೇಳಿ ಬರೆದುಕೊಂಡು ಬಂದರು. ಭಾರತದಲ್ಲಿ 1995ರಲ್ಲಿ ಕೊನೆಯದಾಗಿ ಕಂಡಿತು, 2011ರಲ್ಲಿ ಇಡೀ ಜಗತ್ತಿನಿಂದಲೇ ತೊಲಗಿತೆಂದು ಘೋಷಣೆಯಾಯಿತು. ಇಂದು ಮೂವತ್ತು ವರ್ಷದ ರೈತನಿಗೆ ಆ ರೋಗ ಹೇಗಿತ್ತೆಂದೇ ಗೊತ್ತಿಲ್ಲ.

ಉಪನ್ಯಾಸದ ನಂತರ ಸದಸ್ಯರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತಿದ್ದೇನೆ.

ನಮ್ಮ ಕೊಟ್ಟಿಗೆಯ ಮಿಶ್ರತಳಿ ಹಸುವಿಗೆ ಉಣ್ಣೆ ಹತ್ತಿದೆ, ಅದರಿಂದ ಮಂಗನ ಕಾಯಿಲೆ ಬರುತ್ತದೆಯೇ ಎಂದು ಭದ್ರಾವತಿ ಕಡೆಯ ಒಬ್ಬ ತಾಯಿ ಕೇಳಿದರು. ಅಮ್ಮಾ, ಕೊಟ್ಟಿಗೆಯಲ್ಲೇ ಇರುವ ಹಸುವಿನ ಮೇಲೆ ಸಾಮಾನ್ಯವಾಗಿ ಕಾಣುವ ಉಣ್ಣೆ ಬೇರೆ ಜಾತಿಯದು. ಅದು ಕೆಂಪು ಮೂತ್ರದ ರೋಗ, ಥೈಲೇರಿಯಾ ಜ್ವರ ತರುತ್ತದೆ. ಹಸುವಿಗೆ ಅಪಾಯ, ಹಾಲಿಗೆ ನಷ್ಟ, ಆದರೆ ಮಂಗನ ಕಾಯಿಲೆ ಅದರದ್ದಲ್ಲ. ಕಾಡಿಗೆ ಮೇಯಲು ಹೋಗುವ ದನದ ಮಾತು ಬೇರೆ. ಕಾಯಿಲೆ ಇರುವ ಕಡೆಯ ನೆಂಟರ ಮನೆಯಿಂದ ದನ ಹೊಡೆದುಕೊಂಡು ಬರುವಾಗ ಉಣುಗು ನಿವಾರಕ ಹಚ್ಚಿಸಿಯೇ ತನ್ನಿ. ಬರಿಗೈಯಲ್ಲಿ ಕಿತ್ತು ಉಗುರಿನಲ್ಲಿ ಹೊಸಕಬೇಡಿ. ಔಷಧಿ ಯಾವುದೆಂದು ಪಶುವೈದ್ಯರು ಹೇಳಲಿ, ಚುಚ್ಚುಮದ್ದು ಕೊಡಿಸಿದರೆ ಎಷ್ಟು ದಿನದ ಹಾಲನ್ನು ಸಂಘಕ್ಕೆ ಹಾಕಬಾರದೆಂದೂ ಅವರನ್ನೇ ಕೇಳಿ.

ಕಂದು ಹಾಕಿದ ಹಸುವನ್ನು ಏನು ಮಾಡಬೇಕು ಎಂಬುದು ಎರಡನೆಯ ಪ್ರಶ್ನೆ. ಮೊದಲು, ಬಿದ್ದ ಕಂದನ್ನೂ ಸತ್ತೆಯನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಸಿಗದಂತೆ ಆಳವಾಗಿ ಸುಣ್ಣ ಹಾಕಿ ಹೂಳಿ. ರಕ್ತ ಪರೀಕ್ಷೆ ಮಾಡಿಸದೆ ಸಂತೆಗೆ ಹೊಡೆಯಬೇಡಿ, ಹಾಗೆ ಹೊಡೆದರೆ ರೋಗವನ್ನು ಇನ್ನೊಬ್ಬ ಸದಸ್ಯನ ಮನೆಗೆ ಮಾರಿದಂತೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಂದೇ ಸಲ ಹಾಕುವ ಲಸಿಕೆಯಿದೆ, 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯ ಜೊತೆಗೆ ಅದೂ ಸೇರಿದೆ. ಮನೆಯಲ್ಲಿ ಯಾರಿಗಾದರೂ ಬಿಟ್ಟು ಬಿಟ್ಟು ಜ್ವರ, ಕೀಲು ನೋವು ಬರುತ್ತಿದ್ದರೆ ವೈದ್ಯರಿಗೆ ಹಸು ಕಂದು ಹಾಕಿದ್ದನ್ನೂ ಹೇಳಿ. ಹೇಳದಿದ್ದರೆ ಅವರಿಗೆ ಆ ಅನುಮಾನವೇ ಬರುವುದಿಲ್ಲ.

ಮಂಗನ ಕಾಯಿಲೆ ಇರುವ ಊರಿನ ಹಾಲನ್ನು ಸಂಘ ತೆಗೆದುಕೊಳ್ಳಬಹುದೇ ಎಂಬುದು ಶಿವಮೊಗ್ಗ ಕಡೆಯ ಕಾರ್ಯದರ್ಶಿಯೊಬ್ಬರ ಪ್ರಶ್ನೆ. ಧಾರಾಳವಾಗಿ ತೆಗೆದುಕೊಳ್ಳಬಹುದು. ಹಾಲಿನಿಂದ ಈ ಕಾಯಿಲೆ ಬಂದದ್ದಕ್ಕೆ ಆಧಾರವಿಲ್ಲ. ಆದರೆ ಇದರ ಸಂಬಂಧಿಯಾದ ಯುರೋಪಿನ ಉಣ್ಣೆ ಜ್ವರ ಹಸಿ ಹಾಲಿನಿಂದ ಹರಡಿದ್ದುಂಟು. 1951ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ರೋಜ್ನಾವಾ ಎಂಬ ಊರಿನಲ್ಲಿ ಡೇರಿಯ ಹಸುವಿನ ಹಾಲಿಗೆ ಮೇಕೆ ಹಾಲು ಬೆರೆತು, ಪಾಶ್ಚರೀಕರಿಸದೆ ಮಾರಾಟವಾಗಿ, 600ಕ್ಕೂ ಹೆಚ್ಚು ಜನ ಮಲಗಿದರು. ಡೇರಿಯಲ್ಲಿ ಹಾಲನ್ನು 72 ಡಿಗ್ರಿಗೆ 15 ಸೆಕೆಂಡು ಕಾಯಿಸುವುದು, ಮನೆಯಲ್ಲಿ ತಾವು ಉಕ್ಕಿಸುವುದು ಇಂಥದ್ದಕ್ಕೇ. ಕಾಯಿಲೆ ಇರುವ ಊರಿನ ಹಾಲು ನಿಲ್ಲಿಸಿದರೆ ಆ ಊರಿನವರು ಮಂಗ ಬಿದ್ದ ಸುದ್ದಿಯನ್ನು ಮುಂದಿನ ಸಲ ಮುಚ್ಚಿಡುತ್ತಾರೆ. ಹಾಲಿಗಿಂತ ಆ ಸುದ್ದಿ ನಮಗೆ ಬೇಕಾದದ್ದು. ಆದ್ದರಿಂದ ಕ್ಯಾನು ತೆಗೆದುಕೊಳ್ಳಿ, ಜೊತೆಗೆ ಯಾವ ಕಾಡು, ಯಾವ ದಿನ ಎಂದು ಕೇಳಿ ಬರೆದುಕೊಳ್ಳಿ.